ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರನ್ನು ಒಂದು ಆರೈಕೆ ಕೇಂದ್ರದಿಂದ ಇನ್ನೊಂದಕ್ಕೆ ಕರೆದೊಯ್ಯುವುದು: ಮಲೆನಾಡಿನ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಮಕ್ಕಳ ಜೊತೆ ಇರಲೆಂದು ಬೆಂಗಳೂರಿಗೆ ಹೋಗಿ, ಕೊನೆಗೆ ಅಲ್ಲಿಯ ಆರೈಕೆ ಕೇಂದ್ರ ಸೇರಿದ ಅಮ್ಮನನ್ನು ಈಗ ಶಿವಮೊಗ್ಗಕ್ಕೆ ಕರೆತರಬೇಕು. ಅಥವಾ ಊರ ಹತ್ತಿರದ ವೃದ್ಧಾಶ್ರಮದವರು 'ಅಪ್ಪಯ್ಯನ್ನ ಇನ್ನು ನಮ್ಮ ಕೈಲಿ ನೋಡ್ಕೊಳ್ಳೋಕೆ ಆಗಲ್ಲ, ಬೇರೆ ಕಡೆ ವಿಚಾರಿಸಿ' ಅಂದಿದ್ದಾರೆ. ಮನೆಯಿಂದ ಕೇಂದ್ರಕ್ಕೆ ಸೇರಿಸುವಾಗ ಎಲ್ಲರೂ ಹತ್ತು ಸಲ ಯೋಚಿಸುತ್ತಾರೆ. ಕೇಂದ್ರದಿಂದ ಕೇಂದ್ರಕ್ಕೆ ಅಂದಾಗ ಮಾತ್ರ ಬರೀ ಕಾರು, ಬ್ಯಾಗು, ಅಡ್ವಾನ್ಸ್ ದುಡ್ಡಿನ ಲೆಕ್ಕ.

ನನ್ನ ಪ್ರಕಾರ ಈ ಎರಡನೆಯದೇ ಜಾಸ್ತಿ ಕಷ್ಟದ ಕೆಲಸ. ಮನೆಯಿಂದ ಹೊರಟಾಗ ಅವರ ಬಗ್ಗೆ ಎಲ್ಲ ಗೊತ್ತಿದ್ದವರು ನೀವೇ. ಈಗ ಅವರು ಹೇಗೆ ಸ್ನಾನ ಮಾಡುತ್ತಾರೆ, ಯಾವಾಗ ಸಿಟ್ಟಾಗುತ್ತಾರೆ, ಯಾವ ಮಾತಿಗೆ ತಣ್ಣಗಾಗುತ್ತಾರೆ ಎನ್ನುವುದು ಗೊತ್ತಿರುವುದು ಹಳೆಯ ಕೇಂದ್ರದ ಆಯಾಗಳಿಗೆ. ಅದು ಯಾವ ಫೈಲಿನಲ್ಲೂ ಇರುವುದಿಲ್ಲ. ಅದನ್ನು ಅಲ್ಲೇ ಬಿಟ್ಟು ಬಂದರೆ ಹೊಸಬರು ಅ ಆ ಇ ಈ ಇಂದ ಶುರು ಮಾಡಬೇಕು. ಅಲ್ಲಿಯವರೆಗೆ ಒದ್ದಾಡುವವರು ನಿಮ್ಮ ಅಮ್ಮ.

ಹಂತ 1: ಮೊದಲು, ಬದಲಾಯಿಸಲೇಬೇಕಾ?

ಜಾಗ ಬದಲಾದಾಗ ಹಿರಿಯರಲ್ಲಿ ಗೊಂದಲ, ಭಯ, ನಿದ್ದೆಗೇಡು, ಊಟ ಬಿಡುವುದು ಹೆಚ್ಚಾಗುವುದು ಹೊಸ ವಿಷಯವಲ್ಲ. 1992ರಲ್ಲೇ ಇದು ಉತ್ತರ ಅಮೆರಿಕದ ನರ್ಸಿಂಗ್ ರೋಗನಿರ್ಣಯಗಳ ಪಟ್ಟಿಗೆ ಸೇರಿದೆ. ಡಿಮೆನ್ಶಿಯಾ ಇದ್ದರೆ ಇದು ಇನ್ನೂ ಜಾಸ್ತಿ, ಯಾಕೆಂದರೆ ಹೊಸ ಜಾಗವನ್ನು ನೆನಪಿಟ್ಟುಕೊಳ್ಳುವ ಶಕ್ತಿಯೇ ಕಮ್ಮಿಯಾಗಿರುತ್ತದೆ.

ಅಮ್ಮ ನಾಲ್ಕೈದು ದಿನದಿಂದ ದಿಢೀರನೆ ಬದಲಾಗಿದ್ದಾರೆ, ಕೂಗಾಡುತ್ತಾರೆ, ಇಲ್ಲವೇ ಮಂಕಾಗಿ ಮಲಗಿರುತ್ತಾರೆ, ಅದಕ್ಕೇ ಕೇಂದ್ರದವರು ಕರೆದುಕೊಂಡು ಹೋಗಿ ಅನ್ನುತ್ತಿದ್ದಾರೆ ಅಂತಾದರೆ ಮೊದಲು ಹುಡುಕಬೇಕಾದ್ದು ಹೊಸ ಕೇಂದ್ರವನ್ನಲ್ಲ, ವೈದ್ಯರನ್ನು. ಡಿಮೆನ್ಶಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಏರುವ ಕಾಯಿಲೆ. ದಿನಗಳ ಲೆಕ್ಕದಲ್ಲಿ ಬಂದ ಬದಲಾವಣೆಗೆ ಬೇರೆ ಕಾರಣ ಇರುತ್ತದೆ: ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೇಳಲಾಗದ ನೋವು, ಹೊಸದಾಗಿ ಶುರುವಾದ ಮಾತ್ರೆ. ಇದಕ್ಕೆ ವೈದ್ಯರು ಡೆಲಿರಿಯಂ ಅನ್ನುತ್ತಾರೆ. ರಕ್ತ, ಮೂತ್ರ ಪರೀಕ್ಷೆಯಿಂದ ಹಲವು ಸಲ ಕಾರಣ ಗೊತ್ತಾಗುತ್ತದೆ. ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಆಸ್ಪತ್ರೆಯಲ್ಲೇ ಇದನ್ನು ಮಾಡಿಸಬಹುದು, ಮನೋವೈದ್ಯರೂ ಅಲ್ಲೇ ಸಿಗುತ್ತಾರೆ. ಸೋಂಕು ವಾಸಿಯಾದ ಮೇಲೆ ಅಮ್ಮ ಮೊದಲಿನಂತಾದರೆ ಕೇಂದ್ರದವರೂ ಮನಸ್ಸು ಬದಲಾಯಿಸಬಹುದು.

ಬದಲಾಯಿಸಲು ಒಳ್ಳೆಯ ಕಾರಣಗಳೂ ಇವೆ. ಪದೇ ಪದೇ ಬೀಳುತ್ತಿದ್ದಾರೆ, ರಾತ್ರಿ ನೋಡುವವರಿಲ್ಲ, ಬೆನ್ನಿಗೆ ಹುಣ್ಣಾಗಿದೆ, ಮಂಚಕ್ಕೆ ಕಟ್ಟುತ್ತಿದ್ದಾರೆ, ಗೇಟು ದಾಟಿ ರಸ್ತೆಗೆ ಹೋಗಿಬಿಡುತ್ತಾರೆ. ಮನೆಯವರು ವಾರಕ್ಕೊಮ್ಮೆ ಹೋಗಿ ಬರುವಷ್ಟು ಹತ್ತಿರ ಇರಲಿ ಎನ್ನುವುದೂ ಒಳ್ಳೆಯ ಕಾರಣವೇ, ಅದರಲ್ಲಿ ಸಂಕೋಚ ಬೇಡ. ಹೊಸ ಕಟ್ಟಡ, ಟೈಲ್ಸ್, ಹೂದೋಟ ಚೆನ್ನಾಗಿದೆ ಅನ್ನುವುದು ಮಾತ್ರ ನಮ್ಮ ಸಮಾಧಾನಕ್ಕಷ್ಟೇ.

ದುಡ್ಡಿನ ಮಾತನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಈಗಲೇ ಆಡಿ ಮುಗಿಸಿ. ತಿಂಗಳ ಖರ್ಚನ್ನು ಐದಾರು ವರ್ಷ ಕೊಡಲು ಆಗುತ್ತದಾ? ಆಗದಿದ್ದರೆ ಮೊದಲೇ ಕೈಗೆಟುಕುವ ಜಾಗ ನೋಡಿ. ಅಡಿಕೆ ರೇಟು ಚೆನ್ನಾಗಿರುವ ವರ್ಷ ದುಬಾರಿ ಕೇಂದ್ರಕ್ಕೆ ಸೇರಿಸಿ, ರೇಟು ಬಿದ್ದಾಗ ಮತ್ತೆ ಎಬ್ಬಿಸುವುದಕ್ಕಿಂತ ಸಾಧಾರಣ ಕೇಂದ್ರದಲ್ಲಿ ಕೊನೆಯವರೆಗೂ ಇರುವುದು ಮೇಲು.

ಹಂತ 2: ಹೊಸ ಕೇಂದ್ರ ನೋಡುವುದು

ವೃದ್ಧಾಶ್ರಮ ಬೇರೆ, ಡಿಮೆನ್ಶಿಯಾ ಆರೈಕೆ ಬೇರೆ. ಬಹಳಷ್ಟು ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗಾಗಿ ಇರುವಂಥವು. 'ಸ್ವಲ್ಪ ಮರೆವು ಇದೆ ಅಷ್ಟೇ' ಎಂದು ಸೇರಿಸಿದರೆ ಆರು ತಿಂಗಳಲ್ಲಿ ಇನ್ನೊಂದು ಸ್ಥಳಾಂತರ ಗ್ಯಾರಂಟಿ. ಇರುವುದನ್ನು ಇದ್ದ ಹಾಗೆ ಹೇಳಿ. ರಾತ್ರಿ ಎದ್ದು ಓಡಾಡುವುದು, ಹೊಡೆಯುವುದು, ಬಟ್ಟೆ ಬಿಚ್ಚುವುದು, ಎಲ್ಲ.

ನೋಡಲು ಹೋಗುವುದು ಬೆಳಿಗ್ಗೆ ಹನ್ನೊಂದಕ್ಕೆ ಬೇಡ. ಆ ಹೊತ್ತಿಗೆ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಸಂಜೆ ಐದರಿಂದ ಏಳರ ನಡುವೆ ಹೋಗಿ. ಡಿಮೆನ್ಶಿಯಾ ಇರುವ ಅನೇಕರಿಗೆ ಹೊತ್ತು ಮುಳುಗುವಾಗ ಚಡಪಡಿಕೆ ಹೆಚ್ಚು. ಆಗ ಅಲ್ಲಿಯವರು ಗದರುತ್ತಾರಾ, ಕೈ ಹಿಡಿದು ನಡೆಸುತ್ತಾರಾ, ಟಿ.ವಿ. ಮುಂದೆ ಕೂರಿಸಿ ಸುಮ್ಮನಾಗುತ್ತಾರಾ ಅಂತ ಹತ್ತು ನಿಮಿಷ ನೋಡಿದರೆ ಸಾಕು.

ಮ್ಯಾನೇಜರ್ ಹತ್ತಿರ ಕೇಳಲೇಬೇಕಾದ ಪ್ರಶ್ನೆಗಳು ಇವು. ರಾತ್ರಿ ಎರಡು ಗಂಟೆಗೆ ಎಷ್ಟು ಜನರಿಗೆ ಎಷ್ಟು ಆಯಾ? ಹಾಸಿಗೆ ಹಿಡಿದರೂ ಇಟ್ಟುಕೊಳ್ಳುತ್ತೀರಾ? ಊಟಕ್ಕೆ ಮೂಗಿನಿಂದ ನಳಿಗೆ ಹಾಕಿದರೆ? ಆಸ್ಪತ್ರೆಗೆ ಸೇರಿಸಬೇಕಾದರೆ ಜೊತೆಗೆ ಯಾರು ಹೋಗುತ್ತಾರೆ? ಬಿಟ್ಟು ಹೋಗುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ಡೆಪಾಸಿಟ್ ಎಷ್ಟು ವಾಪಸ್? ಉತ್ತರಗಳನ್ನು ಒಪ್ಪಂದದ ಕಾಗದದಲ್ಲಿ ಬರೆಸಿ.

ಮಲೆನಾಡಿನಲ್ಲಿ ಇನ್ನೂ ಕೆಲವು ನೋಡಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಎಷ್ಟು ಹೊತ್ತು ಬ್ಯಾಕಪ್ ಇದೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಎಲ್ಲಿ ಒಣಗಿಸುತ್ತಾರೆ? ಅರೆಒಣಗಿದ ಬಟ್ಟೆ ಮತ್ತು ಡಯಾಪರ್ ಸೇರಿದರೆ ತೊಡೆಸಂದಿಯಲ್ಲಿ ಫಂಗಸ್ ಬರುತ್ತದೆ. ಅಂಗಳದಲ್ಲಿ ಪಾಚಿ ಕಟ್ಟುತ್ತದಾ, ಮೆಟ್ಟಿಲಿಗೆ ಹಿಡಿ ಇದೆಯಾ, ಗೋಡೆ ಬೆವರುತ್ತದಾ? ಹೊಸನಗರ, ಆಗುಂಬೆ ಕಡೆ ಹಸಿರಿನ ನಡುವೆ ಇರುವ ಜಾಗ ಕಣ್ಣಿಗೆ ತಂಪು, ನಿಜ. ಆದರೆ ಮರ ಬಿದ್ದು ರಸ್ತೆ ಕಟ್ಟಿದ ರಾತ್ರಿ ಆಂಬುಲೆನ್ಸ್ ಯಾವ ದಾರಿಯಲ್ಲಿ ಬರುತ್ತದೆ, ಫೋನಿಗೆ ಸಿಗ್ನಲ್ ಸಿಗುತ್ತದಾ ಅಂತ ಕೇಳಿಕೊಳ್ಳಿ.

'ಹದಿನೈದು ದಿನ ಟ್ರಯಲ್ ಇಟ್ಟು ನೋಡೋಣ' ಅನ್ನುವ ಸಲಹೆ ಬರುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ಡಿಮೆನ್ಶಿಯಾ ಇರುವವರಿಗೆ ಟ್ರಯಲ್ ಅನ್ನುವುದಿಲ್ಲ, ಅವರ ಪಾಲಿಗೆ ಅದು ಪೂರಾ ಸ್ಥಳಾಂತರವೇ. ಅದರ ಬದಲು, ಸಾಧ್ಯವಾದರೆ ಹಳೆಯ ಕೇಂದ್ರದ ಹಾಸಿಗೆಯನ್ನು ಒಂದು ತಿಂಗಳು ದುಡ್ಡು ಕೊಟ್ಟು ಹಿಡಿದಿಟ್ಟುಕೊಳ್ಳಿ.

ಹಂತ 3: ಆಯಾಗಳ ತಿಳಿವಳಿಕೆಯನ್ನು ಕಾಗದಕ್ಕೆ ಇಳಿಸುವುದು

ಇದಕ್ಕೆ ಎರಡು ಸಲ ಹೋಗಬೇಕು. ಒಮ್ಮೆ ಹಗಲು, ಒಮ್ಮೆ ರಾತ್ರಿ ಪಾಳಿ ಶುರುವಾಗುವಾಗ. ಆಫೀಸಿನಲ್ಲಿ ಕೇಳಿದರೆ 'ಚೆನ್ನಾಗಿದ್ದಾರೆ, ಊಟ ಮಾಡ್ತಾರೆ' ಅಷ್ಟೇ. ಸ್ನಾನ ಮಾಡಿಸುವವರ ಹತ್ತಿರ, ಊಟ ಉಣಿಸುವವರ ಹತ್ತಿರ, ರಾತ್ರಿ ಎದ್ದಾಗ ಮತ್ತೆ ಮಲಗಿಸುವವರ ಹತ್ತಿರ ಕೂತು ಮಾತಾಡಿ. 'ಅಮ್ಮ ಹೇಗಿದ್ದಾರೆ' ಅನ್ನಬೇಡಿ. 'ನಿನ್ನೆ ಸ್ನಾನ ಹೇಗೆ ಮಾಡಿಸಿದ್ರಿ, ಮೊದಲಿಂದ ಹೇಳಿ' ಅನ್ನಿ. ಆಗ ಬರುತ್ತದೆ ಅಸಲು ವಿಷಯ: ನೀರು ಮೊದಲು ಕಾಲಿಗೆ ಹಾಕಬೇಕು, ತಲೆಗೆ ಹಾಕಿದರೆ ಕಿರುಚುತ್ತಾರೆ. ಷವರ್ ಕಂಡರೆ ಹೆದರಿಕೆ, ಬಕೆಟ್ಟು ಚೊಂಬು ಕೈಗೆ ಕೊಟ್ಟರೆ ತಾವೇ ಹಾಕಿಕೊಳ್ಳುತ್ತಾರೆ. ಹಂಡೆ ನೀರಿನ ಬಚ್ಚಲುಮನೆಯಲ್ಲಿ ಎಪ್ಪತ್ತು ವರ್ಷ ಮಿಂದವರು, ಷವರ್‌ಗೆ ಹೆದರದೆ ಏನು ಮಾಡುತ್ತಾರೆ, ಅಲ್ವಾ?

ಬರೆದುಕೊಂಡದ್ದನ್ನು ಎರಡು ಪುಟಕ್ಕೆ ಇಳಿಸಿ. ಜಾಸ್ತಿ ಉದ್ದವಾದರೆ ಯಾರೂ ಓದುವುದಿಲ್ಲ. ದೊಡ್ಡ ಅಕ್ಷರ, ಸಣ್ಣ ವಾಕ್ಯ. ಹೊಸ ಕೇಂದ್ರದ ಆಯಾಗಳಿಗೆ ಕನ್ನಡ ಓದಲು ಬಾರದಿದ್ದರೆ ಅವರ ಭಾಷೆಯಲ್ಲೂ ಒಂದು ಪ್ರತಿ ಮಾಡಿಸಿ. ಮಾದರಿಗೆ ಹೀಗಿರಬಹುದು:

– 'ಅಜ್ಜಿ' ಅಂದರೆ ತಿರುಗಿ ನೋಡುವುದಿಲ್ಲ. 'ಸಾವಿತ್ರಮ್ಮ' ಅನ್ನಿ. ಶಾಲೆಯಲ್ಲಿ ಟೀಚರ್ ಆಗಿದ್ದರು, 'ಟೀಚರ್' ಅಂದರೆ ಖುಷಿ.
– ಬಲಗಿವಿ ಕೇಳುವುದಿಲ್ಲ. ಎಡಗಡೆ ನಿಂತು ಮಾತಾಡಿ.
– ಬೆಳಿಗ್ಗೆ ಎದ್ದ ಕೂಡಲೇ ಕಾಫಿ, ಸ್ಟೀಲ್ ಲೋಟದಲ್ಲಿ. ಕುಡಿಯುವ ಮೊದಲು ಮುಖ ತೊಳೆಸಲು ಹೋದರೆ ಜಗಳ.
– ಗಂಜಿ, ಮೆತ್ತಗಿನ ಅನ್ನ, ತಂಬುಳಿ ಇಷ್ಟ. ಚಪಾತಿ ಜಗಿಯಲು ಆಗುವುದಿಲ್ಲ. ನೀರು ಗಟಗಟ ಕುಡಿದರೆ ಕೆಮ್ಮು ಬರುತ್ತದೆ, ಗುಟುಕು ಗುಟುಕಾಗಿ ಕೊಡಿ.
– ಸಂಜೆ ಆರಕ್ಕೆ 'ದನ ಬಂತಾ' ಅಂತ ಕೇಳುತ್ತಾರೆ. 'ಬಂತು, ಕಟ್ಟಾಯ್ತು' ಅಂದರೆ ಸಮಾಧಾನ.
– ರಾತ್ರಿ ಎರಡು ಗಂಟೆ ಸುಮಾರಿಗೆ ಮೂತ್ರಕ್ಕೆ ಏಳುತ್ತಾರೆ. ದೀಪ ಇರಲಿ.

ಮಾತಿನ ವಿಷಯದಲ್ಲಿ ವಿಶೇಷ ಗಮನ ಬೇಕು. ಕಾಯಿಲೆ ಏರಿದಂತೆ ಅನೇಕರು ಆಮೇಲೆ ಕಲಿತ ಭಾಷೆ ಬಿಟ್ಟು ಮನೆಮಾತಿಗೆ ಮರಳುತ್ತಾರೆ. ನಮ್ಮ ಕಡೆ ಅದು ಹವ್ಯಕ ಕನ್ನಡ ಇರಬಹುದು, ತುಳು, ಕೊಂಕಣಿ, ಉರ್ದು, ಲಂಬಾಣಿ ಇರಬಹುದು. 'ಹಿತ್ತಲಿಗೆ ಹೋಗ್ಬೇಕು' ಅಂತ ಅಪ್ಪಯ್ಯ ಎದ್ದು ಬಾಗಿಲಿಗೆ ಹೋದರೆ, ಹಳ್ಳಿ ಮನೆ ಗೊತ್ತಿಲ್ಲದ ಆಯಾ ತಪ್ಪಿಸಿಕೊಂಡು ಹೋಗುತ್ತಿದ್ದಾರೆ ಅಂದುಕೊಂಡು ಬೀಗ ಹಾಕುತ್ತಾರೆ. ಅವರು ಕೇಳುತ್ತಿರುವುದು ಪಾಯಖಾನೆ. ನೀರು, ಹಸಿವು, ನೋವು, ಚಳಿ, ಒಂದಕ್ಕೆ, ಎರಡಕ್ಕೆ, ಇಷ್ಟಕ್ಕೆ ಅವರು ಬಳಸುವ ಮಾತನ್ನು ಬರೆದು ಮಂಚದ ಪಕ್ಕ ಅಂಟಿಸಿ.

ಎಲೆ ಅಡಿಕೆ ವಿಷಯ ಮುಚ್ಚಿಡಬೇಡಿ. ಐವತ್ತು ವರ್ಷ ಹೊಗೆಸೊಪ್ಪಿನ ಜೊತೆ ಕವಳ ಹಾಕಿದವರಿಗೆ ಹೊಸ ಕೇಂದ್ರದಲ್ಲಿ ಒಂದೇ ದಿನಕ್ಕೆ ಬಂದ್ ಆದರೆ ಸಿಟ್ಟು, ಚಡಪಡಿಕೆ, ನಿದ್ದೆಗೇಡು ಬರುತ್ತದೆ. ಅದನ್ನು ಕಾಯಿಲೆ ಜಾಸ್ತಿಯಾಗಿದೆ ಅಂದುಕೊಂಡು ನಿದ್ದೆ ಮಾತ್ರೆ ಕೊಟ್ಟುಬಿಡುತ್ತಾರೆ. ಬಿಡಿಸಬೇಕಾದರೆ ಸ್ಥಳಾಂತರಕ್ಕೆ ಮೊದಲೋ, ತಿಂಗಳುಗಳ ನಂತರವೋ ವೈದ್ಯರನ್ನು ಕೇಳಿ ಬಿಡಿಸಿ. ಅದೇ ವಾರ ಬೇಡ.

ಹಂತ 4: ಮಾತ್ರೆ ಮತ್ತು ಕಾಗದ ಪತ್ರ

ಸದ್ಯ ಕೊಡುತ್ತಿರುವ ಮಾತ್ರೆಗಳ ಪಟ್ಟಿಯನ್ನು ಹಳೆಯ ಕೇಂದ್ರದ ಸಿಸ್ಟರ್ ಹತ್ತಿರ ಬರೆಸಿ. ಪ್ರತಿ ಸ್ಟ್ರಿಪ್ಪಿನ ಫೋಟೋ ತೆಗೆದುಕೊಳ್ಳಿ. ಹೊರಟ ದಿನ ಯಾವ ಮಾತ್ರೆ ಎಷ್ಟು ಗಂಟೆಗೆ ಕೊಟ್ಟರು ಅನ್ನುವುದೂ ಬರೆಸಿ. ಇಲ್ಲದಿದ್ದರೆ ಎರಡೂ ಕಡೆ ಕೊಟ್ಟು ಡಬಲ್ ಆಗುತ್ತದೆ, ಇಲ್ಲವೇ ಯಾರೂ ಕೊಡುವುದಿಲ್ಲ. ಎರಡು ವಾರದ ಮಾತ್ರೆ ಕೈಯಲ್ಲಿರಲಿ. ಡಿಮೆನ್ಶಿಯಾದ ಮಾತ್ರೆಗಳು ಸಣ್ಣ ಪೇಟೆಯ ಎಲ್ಲ ಮೆಡಿಕಲ್ ಶಾಪಿನಲ್ಲೂ ಇರುವುದಿಲ್ಲ.

ಡಿಮೆನ್ಶಿಯಾಕ್ಕೆ ಡೊನೆಪೆಜಿಲ್, ಮೆಮಾಂಟಿನ್, ರಿವಾಸ್ಟಿಗ್ಮಿನ್ ಕೊಡುತ್ತಿದ್ದರೆ ನಡುವೆ ಬಿಟ್ಟುಹೋಗದಂತೆ ನೋಡಿ. ರಿವಾಸ್ಟಿಗ್ಮಿನ್ ಮೂರು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸ್‌ನಲ್ಲೇ ಮತ್ತೆ ಶುರು ಮಾಡುವಂತಿಲ್ಲ, ಕಡಿಮೆ ಡೋಸ್‌ನಿಂದ ಏರಿಸಬೇಕು. ವೈದ್ಯರನ್ನು ಕೇಳದೆ ಕೊಡಬೇಡಿ. ಇದು ಚರ್ಮಕ್ಕೆ ಅಂಟಿಸುವ ಪ್ಯಾಚ್ ಆಗಿಯೂ ಬರುತ್ತದೆ. ಬೆನ್ನ ಮೇಲೆ ಹಳೆಯದು ಇದ್ದಂತೆಯೇ ಹೊಸಬರು ಇನ್ನೊಂದು ಅಂಟಿಸಿದರೆ ವಾಂತಿ, ನಿಧಾನ ನಾಡಿಬಡಿತ ಶುರುವಾಗಬಹುದು. ಎಲ್ಲಿ ಅಂಟಿಸಿದೆ ಅಂತ ಬರೆದುಕೊಡಿ.

ಹೊರಡುವ ದಿನ ತೂಕ ನೋಡಿಸಿ. ಮೈಮೇಲೆ ಗಾಯ, ಹುಣ್ಣು ಇದ್ದರೆ ಇಬ್ಬರ ಎದುರಿಗೆ ನೋಡಿ ತಾರೀಖಿನ ಸಮೇತ ಬರೆದು ಸಹಿ ಮಾಡಿಸಿ. ಆಮೇಲೆ 'ಇದು ಅಲ್ಲೇ ಆಗಿತ್ತು' ಅನ್ನುವ ವಾದ ಇರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ, ಹಳೆಯ ಸ್ಕ್ಯಾನ್, ಆಧಾರ್ ಪ್ರತಿ ಎಲ್ಲ ಒಂದೇ ಫೈಲಿಗೆ. ಪಿಂಚಣಿ ಬರುತ್ತಿದ್ದರೆ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಮನೆಬಾಗಿಲಿಗೆ ಬರುವ ಪೋಸ್ಟ್‌ಮ್ಯಾನ್ ಕೈಲೂ ಅದು ಆಗುತ್ತದೆ. ಹೊಸ ವಿಳಾಸ ಮೊದಲೇ ತಿಳಿಸಿಡಿ.

ಇನ್ನೊಂದು ತಪ್ಪು ತಿಳಿವಳಿಕೆ. 'ಅಪ್ಪಯ್ಯನ ಪವರ್ ಆಫ್ ಅಟಾರ್ನಿ ನನ್ನ ಹತ್ತಿರ ಇದೆ' ಎಂದು ಧೈರ್ಯವಾಗಿರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ತೋಟ ಅಥವಾ ಎಫ್.ಡಿ. ಮುರಿದು ಕೇಂದ್ರದ ಖರ್ಚು ನಡೆಸುವ ಯೋಚನೆ ಇದ್ದರೆ ವಕೀಲರನ್ನು ಈಗಲೇ ಕಾಣಿ.

ಹಂತ 5: ಅವರಿಗೆ ಹೇಳುವುದು ಹೇಗೆ?

ಕಾಯಿಲೆ ಶುರುವಿನ ಹಂತದಲ್ಲಿದ್ದರೆ ಅವರನ್ನು ಕೇಳಿ, ಜಾಗ ತೋರಿಸಿ, ಅವರ ಮಾತಿಗೆ ಬೆಲೆ ಕೊಡಿ. ತುಂಬಾ ಮುಂದುವರಿದಿದ್ದರೆ ಹದಿನೈದು ದಿನ ಮೊದಲೇ ಹೇಳಿ ಪ್ರಯೋಜನವಿಲ್ಲ. ವಿಷಯ ಮರೆತುಹೋಗುತ್ತದೆ, ಗಾಬರಿ ಮಾತ್ರ ಉಳಿಯುತ್ತದೆ. ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ಹೇಳಿದರೆ ಸಾಕು.

'ಮನೆಗೆ ಹೋಗೋಣ' ಅನ್ನಬೇಡಿ. ಕಾರು ಹತ್ತಿಸಲು ಅದು ಸುಲಭದ ಮಾತು, ಆದರೆ ಇಳಿದಾಗ ಅಲ್ಲಿ ಮನೆ ಇರುವುದಿಲ್ಲ. ಆ ಸಿಟ್ಟೆಲ್ಲ ಹೊಸ ಆಯಾಗಳ ಮೇಲೆ ಹೋಗುತ್ತದೆ. 'ಶಿವಮೊಗ್ಗಕ್ಕೆ ಹೋಗೋಣಮ್ಮ, ನಾನು ಹತ್ತಿರ ಇರ್ತೀನಿ, ದಿನಾ ಬರ್ತೀನಿ' ಅನ್ನಬಹುದು, ನಿಜಕ್ಕೂ ಬರುವುದಾದರೆ. ಏನು ಹೇಳುವುದೆಂದು ಮನೆಯವರೆಲ್ಲ ಮೊದಲೇ ಮಾತಾಡಿಕೊಳ್ಳಿ. ಮಗ ಒಂದು, ಸೊಸೆ ಇನ್ನೊಂದು ಹೇಳಿದರೆ ಅವರಿಗೆ ಅನುಮಾನ ಬರುತ್ತದೆ. ನೆನಪು ಹೋದರೂ ಮುಖ ಓದುವುದು ಅಷ್ಟು ಬೇಗ ಹೋಗುವುದಿಲ್ಲ.

ಹಂತ 6: ಹೊರಡುವ ದಿನ

ಮನೆಯ ಹಿರಿಯರು ಆಷಾಢ ಬೇಡ, ಮಂಗಳವಾರ ಬೇಡ ಅನ್ನುತ್ತಾರೆ. ವಾದ ಬೇಡ, ಒಪ್ಪಿಕೊಳ್ಳಿ. ಆಷಾಢದ ಜಡಿಮಳೆಯಲ್ಲಿ ಘಟ್ಟದ ರಸ್ತೆ ತಪ್ಪಿದರೆ ಒಳ್ಳೆಯದೇ. ಹಬ್ಬದ ಹಿಂದುಮುಂದು ಮತ್ತು ಭಾನುವಾರ ಮಾತ್ರ ಬೇಡ, ಆಗ ಕೇಂದ್ರದಲ್ಲಿ ಜನ ಕಮ್ಮಿ ಇರುತ್ತಾರೆ.

ಹಿಂದಿನ ದಿನವೇ ಒಬ್ಬರು ಹೋಗಿ ಕೋಣೆ ಅಣಿ ಮಾಡಬೇಕು. ಗೋಡೆ ಯಾವ ಕಡೆ ಇತ್ತೋ ಇಲ್ಲಿಯೂ ಆ ಕಡೆಗೇ ಬರುವಂತೆ ಮಂಚ ಹಾಕಿ. ರಾತ್ರಿ ಇಳಿಯುವ ಅಭ್ಯಾಸ ಒಂದೇ ಬದಿಗೆ ಇರುತ್ತದೆ, ಅದು ತಪ್ಪಿದರೆ ಬೀಳುತ್ತಾರೆ. ಹಳೆಯ ಕಂಬಳಿಯನ್ನು ಒಗೆಯದೆ ಹಾಗೇ ತನ್ನಿ, ಅದರ ವಾಸನೆ ಅವರಿಗೆ ಗೊತ್ತು. ದೇವರ ಫೋಟೋ, ದೊಡ್ಡ ಗಡಿಯಾರ, ಚೊಂಬು, ರೇಡಿಯೊ. ಹೊಸದಾಗಿ ಏನೂ ಕೊಳ್ಳಬೇಡಿ. ಪ್ರತಿ ಬಟ್ಟೆಯ ಮೇಲೂ ಹೆಸರು. ಬಂಗಾರದ ಬಳೆ, ಸರ ಮೊದಲೇ ತೆಗೆದು ಅದೇ ತರದ ಉಮಾಗೋಲ್ಡ್ ಹಾಕಿ. ಬರಿಗೈ, ಬರಿಗತ್ತು ಮಾತ್ರ ಮಾಡಬೇಡಿ.

ಬೆಳಿಗ್ಗೆ ತಿಂಡಿ, ಶೌಚ ಎಲ್ಲ ಮುಗಿದ ಮೇಲೆ ಹೊರಡಿ, ಮಧ್ಯಾಹ್ನದ ಊಟಕ್ಕೆ ಮುಂಚೆ ತಲುಪುವಂತಿರಲಿ. ಬೆಂಗಳೂರಿನಿಂದ ಶಿವಮೊಗ್ಗ ಸುಮಾರು 300 ಕಿ.ಮೀ., ಬೆಳಕು ಹರಿಯುವಾಗಲೇ ಹೊರಟರೆ ಮಾತ್ರ ಇದು ಸಾಧ್ಯ. ರೈಲಿಗಿಂತ ಕಾರು ವಾಸಿ, ಬೇಕಾದಲ್ಲಿ ನಿಲ್ಲಿಸಬಹುದು. ಹಿಂದಿನ ಸೀಟಿನಲ್ಲಿ ಪರಿಚಯದವರು ಪಕ್ಕ ಕೂರಬೇಕು, ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿ. ಒಂದು ಜೊತೆ ಬಟ್ಟೆ, ಡಯಾಪರ್, ಟವೆಲ್, ನೀರು ಕೈಗೆ ಸಿಗುವಂತಿರಲಿ.

ಘಟ್ಟದ ತಿರುವಿಗೆ ವಾಂತಿ ಬಾರದಿರಲಿ ಎಂದು ಅಂಗಡಿಯಲ್ಲಿ ಸಿಗುವ ವಾಂತಿ ಮಾತ್ರೆ ಕೊಟ್ಟುಬಿಡುತ್ತೇವೆ. ಪ್ರೊಮೆಥಜಿನ್ ಜಾತಿಯ ಆ ಮಾತ್ರೆಗಳು ಡಿಮೆನ್ಶಿಯಾ ಇರುವವರಲ್ಲಿ ಗೊಂದಲ ಹೆಚ್ಚಿಸುತ್ತವೆ. ಕೊಡಬೇಡಿ. ನಿದ್ದೆ ಮಾತ್ರೆ ಹಾಕಿ ಕರೆದೊಯ್ಯುವುದೂ ಬೇಡ, ಇಳಿಯುವಾಗಲೇ ಬೀಳುತ್ತಾರೆ. ಹೊಟ್ಟೆ ಬಿರಿಯ ತಿನ್ನಿಸದೆ, ನಿಧಾನಕ್ಕೆ ಓಡಿಸಿ, ಗಾಳಿ ಬರಲು ಬಿಡಿ.

ಹಂತ 7: ಮೊದಲ ಕೆಲವು ವಾರ

'ಹದಿನೈದು ದಿನ ಮನೆಯವರು ಬರಬೇಡಿ, ಹೊಂದಿಕೊಳ್ಳಲಿ' ಎಂದು ಕೆಲವು ಕೇಂದ್ರಗಳಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊಸ ಜಾಗದಲ್ಲಿ ಗೊತ್ತಿರುವ ಮುಖ ಒಂದಾದರೂ ಬೇಕು. ದಿನಾ ಒಂದೇ ಹೊತ್ತಿಗೆ ಅರ್ಧ ಗಂಟೆ ಹೋಗಿ. ಊಟದ ತಟ್ಟೆ ಬರುವಾಗ ಎದ್ದು ಬನ್ನಿ, ಗಮನ ಊಟದ ಕಡೆ ಇರುತ್ತದೆ. 'ಹೋಗಿಬರ್ತೀನಿ, ಅಳಬೇಡ, ಮತ್ತೆ ಬರ್ತೀನಿ' ಎಂದು ಬಾಗಿಲಲ್ಲಿ ನಿಂತು ಎಳೆದಾಡುವುದು ಬೇಡ.

'ಮನೆಗೆ ಹೋಗ್ಬೇಕು' ಅಂತ ಕೇಳಿಯೇ ಕೇಳುತ್ತಾರೆ. ಹುಟ್ಟಿದ ಮನೆಯಲ್ಲಿ ಕೂತೇ ಹಾಗೆ ಕೇಳುವವರೂ ಇದ್ದಾರೆ. 'ಇದೇ ನಿಮ್ಮ ಮನೆ' ಎಂದು ಸಾಧಿಸಲು ಹೋಗಬೇಡಿ. ಮನೆಯ ಬಗ್ಗೆ ಮಾತಾಡಿಸಿ, ಜಗಲಿ, ಕೊಟ್ಟಿಗೆ, ತೋಟ. ಕೈಗೆ ಕೆಲಸ ಕೊಡಿ. ಸೊಪ್ಪು ಸೋಸುವುದು, ಹೂ ಕಟ್ಟುವುದು, ಬಟ್ಟೆ ಮಡಚುವುದು, ಹೆಚ್ಚಿನವರಿಗೆ ಕೈ ಮರೆತಿರುವುದಿಲ್ಲ.

ಊಟ, ನೀರು, ಮೂತ್ರ, ಮಲ, ನಿದ್ದೆ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ವಾರಕ್ಕೊಮ್ಮೆ ತೂಕ. ಮಲೆನಾಡಿನ ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಕೇಳಿದರೆ 'ಬೇಡ' ಅನ್ನುತ್ತಾರೆ. ಕೇಳದೆ ಬಿಸಿನೀರು, ಕಷಾಯ, ತೆಳು ಗಂಜಿ ಆಗಾಗ ಕೈಗೆ ಕೊಡಬೇಕು. ಜ್ವರ, ದಿಢೀರ್ ಮಂಪರು, ಇಡೀ ದಿನ ಊಟ ನೀರು ಮುಟ್ಟದಿರುವುದು, ತಲೆಗೆ ಪೆಟ್ಟು, ಮುಖ ಅಥವಾ ಕೈಕಾಲು ಒಂದು ಕಡೆ ಸೋಲುವುದು, ಇವಕ್ಕೆ 'ಹೊಸ ಜಾಗ ಅಲ್ವಾ, ಸರಿಹೋಗುತ್ತೆ' ಅಂತ ಕಾಯಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ.

ಹೋದಾಗಲೆಲ್ಲ ತೂಕಡಿಸುತ್ತಾ ಕೂತಿದ್ದರೆ ಹೊಸ ಮಾತ್ರೆ ಶುರು ಮಾಡಿದ್ದೀರಾ ಅಂತ ಕೇಳಿ. ಸಿಟ್ಟು, ಚಡಪಡಿಕೆ ತಗ್ಗಿಸಲು ಕೊಡುವ ರಿಸ್ಪೆರಿಡೋನ್, ಕ್ವೆಟಿಯಾಪಿನ್‌ನಂಥ ಮಾತ್ರೆಗಳು ಕೆಲವೊಮ್ಮೆ ಬೇಕಾಗುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಈ ಜಾತಿಯ ಮಾತ್ರೆಗಳಿಂದ ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಯಾಕೆ, ಎಷ್ಟು, ಎಲ್ಲಿಯವರೆಗೆ, ಈ ಮೂರು ಪ್ರಶ್ನೆಗೆ ವೈದ್ಯರಿಂದಲೇ ಉತ್ತರ ಪಡೆಯಿರಿ.

ಹಂತ 8: ಹೊಂದಿಕೊಳ್ಳದಿದ್ದರೆ

ಹೊಡೆತ, ಕಟ್ಟಿಹಾಕುವುದು, ಉಪವಾಸ ಕೆಡವುವುದು ಕಂಡರೆ ಅದೇ ದಿನ ಕರೆದುಕೊಂಡು ಬನ್ನಿ. ಉಳಿದದ್ದಕ್ಕೆಲ್ಲ ಒಂದೂವರೆ ತಿಂಗಳಾದರೂ ಟೈಮ್ ಕೊಡಿ. ಆ ನಡುವೆ ಹಳೆಯ ಆಯಾ ಮತ್ತು ಹೊಸ ಆಯಾ ಫೋನಿನಲ್ಲಿ ನೇರವಾಗಿ ಮಾತಾಡುವಂತೆ ಮಾಡಿ. ಎರಡು ಪುಟದಲ್ಲಿ ಬರೆಯಲಾಗದ್ದು ಆ ಐದು ನಿಮಿಷದಲ್ಲಿ ಬರುತ್ತದೆ. ಹಳೆಯ ಆಯಾ ಹತ್ತಿರದ ಊರಿನವರಾದರೆ ಬಸ್ ಚಾರ್ಜು, ಒಂದು ದಿನದ ಸಂಬಳ ಕೊಟ್ಟು ಹೊಸ ಜಾಗಕ್ಕೆ ಕರೆಸಿ, ಒಂದು ಸ್ನಾನ ಮಾಡಿಸಿ ತೋರಿಸಲಿ. ಇಷ್ಟು ಕಮ್ಮಿ ಖರ್ಚಿನಲ್ಲಿ ಇಷ್ಟು ಉಪಯೋಗ ಆಗುವುದು ಬೇರೆ ಯಾವುದೂ ನನಗೆ ಗೊತ್ತಿಲ್ಲ.

ಕೇಂದ್ರದವರ ಜೊತೆ ಮಾತು ಮುರಿದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಅಮ್ಮನ ವರ್ತನೆ, ಅಥವಾ ನೋಡಿಕೊಳ್ಳುವ ನಿಮ್ಮದೇ ಸುಸ್ತು, ಬೇಜಾರಿನ ಬಗ್ಗೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಸೇರಿಸಿ ಫೋನ್ ಆಫ್ ಮಾಡಿಕೊಳ್ಳುವ ಮಕ್ಕಳಿಗೂ ಒಂದು ಮಾತು: ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲೋ ಬಿಟ್ಟುಹೋಗುವುದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಶಿಕ್ಷೆಯಾಗುವ ಅಪರಾಧ.

ಎಲ್ಲ ಒಂದು ಹದಕ್ಕೆ ಬಂದ ಮೇಲೆ ಆ ಎರಡು ಪುಟವನ್ನು ಹೊಸ ಆಯಾಗಳ ಜೊತೆ ಕೂತು ತಿದ್ದಿ. ತಂಬುಳಿ ಬಿಟ್ಟು ಸಾರು ಕೇಳಲು ಶುರು ಮಾಡಿರಬಹುದು, ರಾತ್ರಿ ಏಳುವ ಹೊತ್ತು ಬದಲಾಗಿರಬಹುದು. ತಾರೀಖು ಹಾಕಿ ಒಂದು ಪ್ರತಿ ಫೈಲಿಗೆ, ಒಂದು ನಿಮ್ಮ ಫೋನಿಗೆ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ ವಾರ್ಡಿನ ಸಿಸ್ಟರ್ ಕೈಗೆ ಮೊದಲು ಕೊಡಬೇಕಾದ ಕಾಗದ ಅದೇ.